ತಪವೆಂದು ಕಾಣುವ ವ್ಯಾಧಿ

ಹದಿಹರೆಯದವರ ಆಹಾರ ಸಂಬಂಧಿ ಮನೋವ್ಯಾಧಿಗಳನ್ನು ಕುರಿತು ನಮ್ಮ ನಾಡಿನಲ್ಲಿ ನಡೆದ ಸಂಶೋಧನೆ ಅಲ್ಪ. ಇರುವುದೂ ಬಹುಮಟ್ಟಿಗೆ ನಗರದ್ದು. ಬೆಂಗಳೂರಿನ ಮನೋವೈದ್ಯರನ್ನು ಪ್ರಶ್ನಿಸಿ ಸಿದ್ಧಪಡಿಸಿದ ಒಂದು ಸಮೀಕ್ಷೆ 2012ರಲ್ಲಿ ಪ್ರಕಟವಾಯಿತು. ಉತ್ತರಿಸಿದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ವೈದ್ಯರು ಇಂಥ ರೋಗಿಯನ್ನು ಒಮ್ಮೆಯಾದರೂ ಕಂಡುದಾಗಿ ತಿಳಿಸಿದರು. ಉಪಯುಕ್ತ ಕಾರ್ಯವೇ ಸರಿ. ಆದರೆ ಮನೋವೈದ್ಯರ ಬಳಿಗೆ ಬಂದವರನ್ನಷ್ಟೇ ಅದು ಎಣಿಸಬಲ್ಲದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಊಟ ಬಿಟ್ಟ ಹುಡುಗಿಯನ್ನು ಮೊದಲು ಕಾಣುವವರು ತಾಯಿ ಮತ್ತು ಅಜ್ಜಿ. ನಮ್ಮ ಮನೆತನಗಳಲ್ಲಾದರೆ ಬಸದಿಯ ಹಿರಿಯರೂ ಹೌದು. ಅವರು ಅದನ್ನು ರೋಗವೆಂದು ಬಗೆಯುವುದಿಲ್ಲ, ಎಷ್ಟೋ ವೇಳೆ ಪುಣ್ಯವೆಂದೇ ಬಗೆಯುತ್ತಾರೆ.

ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ವೈದ್ಯರು 1995ರಲ್ಲಿ ಐವರು ತರುಣಿಯರ ವೃತ್ತಾಂತವನ್ನು ಪ್ರಕಟಿಸಿದ್ದರು. ತನ್ನ ದೇಹಾಕೃತಿಯನ್ನು ವಿಪರೀತವಾಗಿ ಕಾಣುವುದು ಅನೊರೆಕ್ಸಿಯಾ ನರ್ವೋಸಾದ ಮುಖ್ಯ ಲಕ್ಷಣವೆಂದು ಪಾಶ್ಚಾತ್ಯ ಗ್ರಂಥಗಳು ಹೇಳುತ್ತವೆ. ಈ ಐವರಲ್ಲಿ ಅದು ಕಾಣಲಿಲ್ಲ. ಹಾಗಿದ್ದಮೇಲೆ "ದಪ್ಪಗಾಗುವ ಭಯವಿದೆಯೇ?" ಎಂದಷ್ಟೇ ಕೇಳುವ ಪ್ರಶ್ನಾವಳಿಗೆ, "ಇಂದು ಅಷ್ಟಮಿ, ನನ್ನದು ಏಕಾಶನ" ಎನ್ನುವ ಹುಡುಗಿ ಹೇಗೆ ಸಿಕ್ಕಾಳು?

ದೋಷ ಸಂಶೋಧಕರದಷ್ಟೇ ಅಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ 1944-45ರಲ್ಲಿ ಒಂದು ಪ್ರಯೋಗ ನಡೆಯಿತು. ಅದಕ್ಕೆ ಒಪ್ಪಿಬಂದ 36 ಯುವಕರು ಕೊಲ್ಲಲಾರೆವೆಂದು ಯುದ್ಧವನ್ನು ನಿರಾಕರಿಸಿದವರು, ನಮಗೆ ಆಪ್ತರಾಗಬೇಕಾದವರು. 24 ವಾರಗಳ ಅರೆಹೊಟ್ಟೆಯಲ್ಲಿ ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಸಿಡುಕು, ಖಿನ್ನತೆ ಆವರಿಸಿದವು. ಹಗಲಿರುಳೂ ಅನ್ನದ್ದೇ ಚಿಂತೆ. ಕೆಲವರು ಅಡುಗೆಯ ಪುಸ್ತಕಗಳನ್ನು ಓದುತ್ತ ಕುಳಿತರು. ಆರೋಗ್ಯವಂತ ವಯಸ್ಕರ ಮನಸ್ಸನ್ನೇ ಹಸಿವು ಹೀಗೆ ಬಾಗಿಸಿದರೆ, ಎಲುಬು ಇನ್ನೂ ಬಲಿಯುತ್ತಿರುವ ಮಕ್ಕಳ ಗತಿಯೇನು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿ ರಕ್ತಹೀನರು.

ಆರು ಬಾಹ್ಯ ತಪಗಳಲ್ಲಿ ಅನಶನ ಮೊದಲನೆಯದು ನಿಜ. ಅದರ ಬೆನ್ನಿಗೇ ಹಿತಮಿತದ ಅವಮೋದರ್ಯವಿದೆ. ಷೋಡಶಕಾರಣ ಭಾವನೆಗಳು ತಪವನ್ನು ಶಕ್ತ್ಯನುಸಾರವೆಂದೇ ವಿಧಿಸಿವೆ. ಆ ಶಕ್ತಿಯನ್ನು ಅಳೆಯಬೇಕಾದವರು ಯಾರು? 2016ರಲ್ಲಿ ಸಿಕಂದರಾಬಾದಿನ 13 ವರ್ಷದ ಬಾಲಕಿ 68 ದಿನ ಉಪವಾಸ ಮಾಡಿ, ಅದು ಮುಗಿದ ಬೆನ್ನಿಗೇ ತೀರಿಕೊಂಡಳು. ದೀರ್ಘ ನಿರಾಹಾರದ ನಂತರ ಒಮ್ಮೆಲೇ ಉಣಿಸಿದರೆ ರಕ್ತದ ಲವಣಾಂಶಗಳು ಏರುಪೇರಾಗಿ ಹೃದಯಕ್ಕೆ ಅಪಾಯವೆಂಬುದನ್ನು ವೈದ್ಯರು ಬಲ್ಲರು. ನಮ್ಮಲ್ಲಿ ಪಾರಣೆಯ ಮುಹೂರ್ತ ಕೇಳುವವರಿದ್ದಾರೆ, ವೈದ್ಯರನ್ನು ಕೇಳುವವರು ವಿರಳ.

ತಾಯಂದಿರು ಪಾರಣೆಯ ದಿನವನ್ನೇ ಗಮನಿಸಲಿ. ಆ ದಿನವೂ ತಟ್ಟೆಯಿಂದ ಮುಖ ತಿರುಗಿಸುವ, ವ್ರತದ ಮೇಲೆ ವ್ರತ ಹೇರಿಕೊಳ್ಳುವ, ಮುಟ್ಟು ನಿಂತ ಹುಡುಗಿಗೆ ಬೇಕಾದುದು ಶಾಲು-ಹಾರವಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ನಮ್ಮೂರುಗಳಿಂದ ಬಹುದೂರವೇನಲ್ಲ. ಇನ್ನು, ದಶಲಕ್ಷಣ ಪರ್ವದ ಸನ್ಮಾನಪಟ್ಟಿಯಿಂದ ಹದಿನೆಂಟು ತುಂಬದವರ ಹೆಸರನ್ನು ಕೈಬಿಡುವುದಕ್ಕೆ ಬಸದಿಯ ಟ್ರಸ್ಟುಗಳು ಯಾವ ಸಂಶೋಧನೆಗೂ ಕಾಯಬೇಕಿಲ್ಲ. ಬರುವ ಭಾದ್ರಪದದ ಮೊದಲೇ ಒಂದು ಠರಾವು ಮಾಡಿದರೆ ಸಾಕು.