ಗಣಕವಿಜ್ಞಾನದ ಎರಡು ಪಾಠಗ್ರಂಥಗಳು: ವಿದ್ಯೆಗೂ ವೃತ್ತಿಗೂ ಉಳ್ಳ ಸಂಬಂಧದ ವಿಚಾರ

೧

ಯಾವುದೇ ಶಾಸ್ತ್ರಗ್ರಂಥವನ್ನು ಪರೀಕ್ಷಿಸುವಾಗ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧಚತುಷ್ಟಯವನ್ನು ಮೊದಲು ವಿಚಾರಿಸುವುದು ಪ್ರಾಚೀನರ ಪದ್ಧತಿ. ಗ್ರಂಥವು ಯಾರಿಗಾಗಿ ಹುಟ್ಟಿತು, ಏನನ್ನು ಹೇಳುತ್ತದೆ, ಅದರಿಂದ ಒದಗುವ ಫಲವೇನು, ಹೇಳಿದುದಕ್ಕೂ ಆ ಫಲಕ್ಕೂ ಇರುವ ನಂಟೇನು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯದೆ ಗುಣದೋಷಗಳ ಮಾತನ್ನೆತ್ತುವುದು ಸಾಹಸವಾಗುತ್ತದೆ. ಈ ಪದ್ಧತಿಯು ವೇದಾಂತ ವ್ಯಾಕರಣಗಳಿಗೆ ಮಾತ್ರ ಸಲ್ಲತಕ್ಕದ್ದೆಂದು ಭಾವಿಸಬೇಕಾದುದಿಲ್ಲ. ಕಾಲೇಜುಗಳಲ್ಲಿ ನಾಲ್ಕು ವರ್ಷ ಓದಿ ಪದವಿ ಪಡೆಯುವ ಗಣಕವಿಜ್ಞಾನಕ್ಕೆ, ಅಂದರೆ ಕಂಪ್ಯೂಟರ್ ಸೈನ್ಸಿಗೆ, ಇದನ್ನು ಅನ್ವಯಿಸಿ ನೋಡಿದರೆ ಆ ಶಾಸ್ತ್ರದ ಅಧ್ಯಾಪಕರಲ್ಲಿ ಬಹುಕಾಲದಿಂದ ನಡೆದುಬಂದಿರುವ ಒಂದು ವಿವಾದದ ಮೂಲವು ತಿಳಿಯಾಗುತ್ತದೆ.

ವಿವಾದದ ಸ್ವರೂಪವಿದು. ವಿದ್ಯಾರ್ಥಿಯು ಜೀವನೋಪಾಯಕ್ಕಾಗಿ ಬಂದವನು. ತಾಯಿತಂದೆಗಳು ಹಣ ಕೂಡಿಟ್ಟು, ಅನೇಕ ವೇಳೆ ಸಾಲ ಮಾಡಿ, ಕಳುಹಿಸಿದವನು. ಆದುದರಿಂದ ಕೆಲಸ ಕೊಡುವವರು ಈ ವರ್ಷ ಯಾವ ಉಪಕರಣಗಳನ್ನು ಕೇಳುವರೋ ಅವನ್ನೇ ಕಲಿಸಬೇಕು ಎಂಬುದು ಒಂದು ಪಕ್ಷ. ಉಪಕರಣಗಳು ಹಳತಾಗುತ್ತವೆ, ಶಾಸ್ತ್ರವು ಉಳಿಯುತ್ತದೆ. ಶಾಸ್ತ್ರವನ್ನು ಶುದ್ಧವಾಗಿ ಕಲಿಸಿದರೆ ಸಾಕು ಎಂಬುದು ಇನ್ನೊಂದು ಪಕ್ಷ. ಈ ಎರಡನೆಯ ಪಕ್ಷವನ್ನು ತುತ್ತತುದಿಗೆ ಕೊಂಡೊಯ್ದವರು ಡಚ್ ವಿದ್ವಾಂಸರಾದ ಡೈಕ್‌ಸ್ಟ್ರಾ ಅವರು. ಮೊದಲ ವರ್ಷದಲ್ಲಿ ಕಲಿಸುವ ಭಾಷೆಯು ಆ ವಿದ್ಯಾಲಯದ ಯಾವ ಯಂತ್ರದ ಮೇಲೂ ನಡೆಯದಂತಿರಬೇಕು. ಹಾಗಿದ್ದರೆ ಮಾತ್ರ ವಿದ್ಯಾರ್ಥಿಯು ಓಡಿಸಿ ನೋಡುವ ಚಾಪಲ್ಯವನ್ನು ಬಿಟ್ಟು ಉಪಪತ್ತಿಯಿಂದ ನಿರ್ಣಯಿಸುವುದನ್ನು ಕಲಿಯುತ್ತಾನೆ ಎಂದು ಅವರು ೧೯೮೮ರ ಒಂದು ಪ್ರಬಂಧದಲ್ಲಿ ವಾದಿಸಿದರು. ಅಮೆರಿಕದ ಗಣಕವಿದ್ವಾಂಸರ ಸಂಘದ ಪತ್ರಿಕೆಯು ೧೯೮೯ರ ಡಿಸೆಂಬರಿನಲ್ಲಿ ಅದನ್ನು ಹಲವರ ಉತ್ತರಗಳೊಡನೆ ಪ್ರಕಟಿಸಿತು. ಈ ಎರಡು ಪಕ್ಷಗಳ ಬಲಾಬಲವನ್ನು ಬರಿಯ ತರ್ಕದಿಂದ ಅಳೆಯುವುದಕ್ಕಿಂತ, ಆರಂಭದ ವಿದ್ಯಾರ್ಥಿಗಳಿಗಾಗಿಯೇ ರಚಿತವಾದ ಎರಡು ಪ್ರಸಿದ್ಧ ಗ್ರಂಥಗಳನ್ನು ಎದುರುಬದುರಾಗಿಟ್ಟು ನೋಡುವುದು ಯುಕ್ತವೆಂದು ತೋರುತ್ತದೆ.

೨

ಮೊದಲನೆಯದು ಹೆರಾಲ್ಡ್ ಏಬಲ್‌ಸನ್, ಜೆರಾಲ್ಡ್ ಸಸ್‌ಮನ್ ಇವರು ಜೂಲಿ ಸಸ್‌ಮನ್ ಅವರೊಡನೆ ರಚಿಸಿದ ‘ಸ್ಟ್ರಕ್ಚರ್ ಅಂಡ್ ಇಂಟರ್‌ಪ್ರಿಟೇಷನ್ ಆಫ್ ಕಂಪ್ಯೂಟರ್ ಪ್ರೋಗ್ರಾಮ್ಸ್’. ಯಂತ್ರವು ಮಾಡಬೇಕಾದುದನ್ನು ಹೆಜ್ಜೆಹೆಜ್ಜೆಯಾಗಿ ವಿಧಿಸುವ ಬರಹವಾದ ಪ್ರೋಗ್ರಾಮನ್ನು ಕ್ರಮವಿಧಿಯೆಂದು ಕರೆಯುವುದಾದರೆ, ಗ್ರಂಥದ ಹೆಸರು ‘ಕ್ರಮವಿಧಿಗಳ ರಚನೆ ಮತ್ತು ವ್ಯಾಖ್ಯಾನ’ ಎಂದಾಗುತ್ತದೆ. ೧೯೮೫ರಲ್ಲಿ ಪ್ರಕಟವಾಗಿ ೧೯೯೬ರಲ್ಲಿ ಪರಿಷ್ಕೃತವಾದ ಈ ಗ್ರಂಥವು ಮೆಸಾಚುಸೆಟ್ಸ್ ತಂತ್ರವಿದ್ಯಾಲಯದ ಪ್ರಾರಂಭದ ತರಗತಿಯ ಪಾಠಗಳಿಂದ ಬೆಳೆದದ್ದು. ಇದರಲ್ಲಿ ಬಳಕೆಯಾದ ಭಾಷೆ ಸ್ಕೀಮ್. ಸಸ್‌ಮನ್ ಅವರೂ ಗೈ ಸ್ಟೀಲ್ ಅವರೂ ೧೯೭೫ರಲ್ಲಿ ರೂಪಿಸಿದ, ನಿಯಮಗಳು ಅತ್ಯಲ್ಪವಾಗಿರುವ ಭಾಷೆ.

ಐದೇ ಅಧ್ಯಾಯಗಳ ಈ ಗ್ರಂಥದ ಘನತೆಯು ಅದರ ಅಡಕದಲ್ಲಿದೆ. ಕ್ರಿಯೆಯನ್ನು ಹೆಸರಿಟ್ಟು ಅಡಗಿಸುವುದು ಮೊದಲ ಅಧ್ಯಾಯದ ವಿಷಯ, ದತ್ತಾಂಶವನ್ನು ಹಾಗೆ ಅಡಗಿಸುವುದು ಎರಡನೆಯದರ ವಿಷಯ. ಮೂರನೆಯದರಲ್ಲಿ ಕಾಲದೊಡನೆ ಬದಲಾಗುವ ಸ್ಥಿತಿ, ನಾಲ್ಕನೆಯದರಲ್ಲಿ ಭಾಷೆಯೊಳಗೇ ಭಾಷೆಯನ್ನು ಕಟ್ಟುವ ವಿದ್ಯೆ, ಐದನೆಯದರಲ್ಲಿ ಯಂತ್ರದ ಅಂತರಂಗ. ಪ್ರತಿಯೊಂದು ಅಧ್ಯಾಯವೂ ಹಿಂದಿನದು ನಿಜವೆಂದು ಒಪ್ಪಿಸಿದುದರ ಒಂದು ಮಿತಿಯನ್ನು ತೋರಿಸಿ ಮುಂದುವರಿಯುತ್ತದೆ.

ಮೂರನೆಯ ಅಧ್ಯಾಯದ ಬ್ಯಾಂಕಿನ ಖಾತೆಯ ನಿದರ್ಶನವೇ ಇದಕ್ಕೆ ಸಾಕ್ಷಿ. ಅಲ್ಲಿಯವರೆಗೆ ಒಂದು ಮಾತನ್ನು ಎಷ್ಟು ಸಲ ಹೇಳಿದರೂ ಫಲ ಒಂದೇ. ಈಗ ಖಾತೆಯಲ್ಲಿ ೧೦೦ ಡಾಲರು ಇದೆ. ೨೫ನ್ನು ತೆಗೆಯೆಂದರೆ ೭೫ ಉಳಿಯುತ್ತದೆ. ಅದೇ ಮಾತನ್ನು ಮತ್ತೊಮ್ಮೆ ಹೇಳಿದರೆ ೫೦. ವಾಕ್ಯ ಒಂದೇ, ಅರ್ಥ ಎರಡಾಯಿತು. ಒಂದೇ ಖಾತೆಯಿಂದ ಇಬ್ಬರು ಏಕಕಾಲದಲ್ಲಿ ಹಣ ತೆಗೆದರೇನಾದೀತೆಂಬ ವಿಚಾರವು ೧೯೯೬ರ ಮುದ್ರಣದಲ್ಲಿ ಇದಕ್ಕೆ ಸೇರಿದೆ. ಒಬ್ಬನು ೧೦, ಇನ್ನೊಬ್ಬನು ೨೫ ತೆಗೆದರೆ ೬೫ ಉಳಿಯಬೇಕು. ಆದರೆ ಇಬ್ಬರೂ ಮೊದಲು ೧೦೦ ಎಂಬುದನ್ನೇ ಓದಿಕೊಂಡು, ಆಮೇಲೆ ತಮ್ಮ ತಮ್ಮ ಲೆಕ್ಕವನ್ನು ಬರೆದಿಟ್ಟರೆ ೯೦ ಅಥವಾ ೭೫ ಉಳಿದೀತು. ಒಬ್ಬನು ತೆಗೆದ ಹಣದ ಗುರುತೇ ಅಳಿಸಿಹೋದೀತು. ಹಣ ಪಾವತಿಯ ವ್ಯವಸ್ಥೆಯನ್ನಾಗಲಿ ರೈಲಿನ ಆಸನಗಳ ಕಾದಿರಿಸುವಿಕೆಯನ್ನಾಗಲಿ ಕಟ್ಟುವವನು ಎದುರಿಸಬೇಕಾದ ತೊಡಕು ಇದೇ. ಶುದ್ಧಶಾಸ್ತ್ರವೆನ್ನಿಸಿಕೊಂಡ ಗ್ರಂಥದ ನಡುವೆ ವೃತ್ತಿಯ ಅತಿ ಕಠಿನವಾದ ಪ್ರಶ್ನೆಯು ಹೀಗೆ ಕುಳಿತಿರುವುದನ್ನು ಉಪಕರಣಪಕ್ಷದವರು ಗಮನಿಸಬೇಕು.

ಸಾಹಿತ್ಯದ ಅಧ್ಯಾಪಕರಿಗೆ ಈ ಗ್ರಂಥವು ಇನ್ನೊಂದು ಕಾರಣದಿಂದಲೂ ಆದರಣೀಯ. ಕ್ರಮವಿಧಿಯು ಮುಖ್ಯವಾಗಿ ಮನುಷ್ಯನ ಓದಿಗಾಗಿ ಇರತಕ್ಕದ್ದೆಂಬುದು ಗ್ರಂಥಕರ್ತರ ನಿಲುವು. ಬರಹವೆಂದ ಮೇಲೆ ಪ್ರಸಾದಗುಣವೂ ಬೇಕು, ಅನ್ವಯಕ್ಲೇಶವೂ ಕೂಡದು.

೩

ಇಂತಹ ಗ್ರಂಥದ ಕೊರತೆಯು ವಿಷಯದಲ್ಲಿಲ್ಲ, ಅಧಿಕಾರಿಯಲ್ಲಿದೆ. ಮೊದಲ ಅಧ್ಯಾಯದಲ್ಲಿಯೇ ನ್ಯೂಟನ್ನನ ವಿಧಾನದಿಂದ ವರ್ಗಮೂಲ, ಎರಡನೆಯದರಲ್ಲಿ ಬೀಜಾಕ್ಷರಗಳ ಅವಕಲನ, ಮೂರನೆಯದರಲ್ಲಿ ವಿದ್ಯುನ್ಮಂಡಲಗಳು ಉದಾಹರಣೆಗಳಾಗಿ ಬರುತ್ತವೆ. ಗಣಿತದಲ್ಲಿಯೂ ಭೌತವಿಜ್ಞಾನದಲ್ಲಿಯೂ ಮೊದಲೇ ಪಳಗಿದವನಿಗೆ ಇವು ದೀಪಗಳು. ಪಳಗದವನಿಗೆ ಇವೇ ಗೋಡೆಗಳು. ಅವನು ಕ್ರಮವಿಧಿಯ ತತ್ತ್ವವನ್ನು ಕಾಣುವ ಮೊದಲೇ ಉದಾಹರಣೆಯಲ್ಲಿ ಸಿಕ್ಕಿಬೀಳುತ್ತಾನೆ. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಸೂತ್ರಕ್ಕೆ ವೃತ್ತಿಯನ್ನೂ ವೃತ್ತಿಗೆ ಪೂರ್ವಕವಿಗಳ ಪ್ರಯೋಗಗಳನ್ನೂ ಕೊಟ್ಟನು. ಕನ್ನಡಕಾವ್ಯವನ್ನು ಕೇಳಿ ಬಲ್ಲವನಿಗೆ ಆ ಪ್ರಯೋಗಗಳು ಪರಿಚಿತವಾದುದರಿಂದ ಪರಿಚಿತದ ಮೂಲಕ ಅಪರಿಚಿತವಾದ ಸೂತ್ರವು ಮನಸ್ಸಿಗೆ ಹತ್ತಿತು. ಉದಾಹರಣೆಯು ಸೂತ್ರಕ್ಕಿಂತ ಕಠಿನವಾದರೆ ಈ ಕ್ರಮವು ತಲೆಕೆಳಗಾಗುತ್ತದೆ.

ಇದಕ್ಕಿಂತಲೂ ದೊಡ್ಡದಾದ ಆಕ್ಷೇಪವೊಂದಿದೆ. ಗ್ರಂಥವು ಸುಂದರವಾದ ಸಿದ್ಧರೂಪಗಳನ್ನು ಮುಂದಿಡುತ್ತದೆ. ಬರಿಯ ಹಾಳೆಯ ಮುಂದೆ ಕುಳಿತವನು ಮೊದಲು ಏನನ್ನು ಬರೆಯಬೇಕು, ಆಮೇಲೆ ಏನನ್ನು ಎಂಬುದನ್ನು ಬಿಡಿಸಿ ಹೇಳುವುದಿಲ್ಲ. ಜಾಣನು ಸಿದ್ಧರೂಪವನ್ನು ನೋಡಿ ಸಾಧನಮಾರ್ಗವನ್ನು ತಾನೇ ಊಹಿಸಿಕೊಳ್ಳುತ್ತಾನೆ. ಮಧ್ಯಮನು ಅದನ್ನು ಮೆಚ್ಚುತ್ತಾನೆ, ಕಂಠಪಾಠ ಮಾಡುತ್ತಾನೆ, ಹೊಸ ಪ್ರಶ್ನೆ ಬಂದಾಗ ಕೈಕಟ್ಟಿ ಕೂರುತ್ತಾನೆ. ಪಾಣಿನಿಯ ಸೂತ್ರಕ್ರಮಕ್ಕೂ ಇದೇ ಗತಿಯಾಯಿತೆಂಬುದು ವಿದಿತವೇ ಇದೆ. ಅನುವೃತ್ತಿಯ ಲಾಘವಕ್ಕಾಗಿ ಜೋಡಿಸಿದ ಅಷ್ಟಾಧ್ಯಾಯಿಯಲ್ಲಿ ‘ರಾಮಃ’ ಎಂಬ ಒಂದು ಪದವನ್ನು ಸಾಧಿಸುವುದಕ್ಕೂ ಬೇರೆ ಬೇರೆ ಅಧ್ಯಾಯಗಳ ಸೂತ್ರಗಳು ಬೇಕು. ಅದರಿಂದಲೇ ‘ರೂಪಾವತಾರ’, ‘ಪ್ರಕ್ರಿಯಾಕೌಮುದಿ’, ‘ಸಿದ್ಧಾಂತಕೌಮುದಿ’ಗಳಂತಹ ಪ್ರಕ್ರಿಯಾಗ್ರಂಥಗಳು ಹುಟ್ಟಿದುವು. ಶಾಸ್ತ್ರ ಬದಲಾಗಲಿಲ್ಲ, ಅದನ್ನು ಹತ್ತುವ ಮೆಟ್ಟಿಲುಗಳು ಬದಲಾದುವು.

೪

ಎರಡನೆಯ ಗ್ರಂಥವು ಇಂತಹ ಪ್ರಕ್ರಿಯಾಗ್ರಂಥ. ಮಥಾಯಸ್ ಫೆಲೈಸೆನ್, ರಾಬರ್ಟ್ ಬ್ರೂಸ್ ಫಿಂಡ್ಲರ್, ಮ್ಯಾಥ್ಯೂ ಫ್ಲಾಟ್, ಶ್ರೀರಾಮ ಕೃಷ್ಣಮೂರ್ತಿ ಈ ನಾಲ್ವರು ರಚಿಸಿದ ‘ಹೌ ಟು ಡಿಸೈನ್ ಪ್ರೋಗ್ರಾಮ್ಸ್’ ೨೦೦೧ರಲ್ಲಿ ಪ್ರಕಟವಾಗಿ ೨೦೧೮ರಲ್ಲಿ ಪರಿಷ್ಕೃತವಾಯಿತು. ಮೊದಲ ಗ್ರಂಥದ ಉದಾಹರಣೆಗಳನ್ನೂ ಅದರಲ್ಲಿ ರಚನಾಕ್ರಮವು ವಾಚ್ಯವಾಗದೆ ಉಳಿದುದನ್ನೂ ಇವರು ೨೦೦೪ರ ಒಂದು ಲೇಖನದಲ್ಲಿ ಗೌರವದಿಂದಲೇ ಆಕ್ಷೇಪಿಸಿದ್ದಾರೆ. ತಮ್ಮ ಗ್ರಂಥದಲ್ಲಿ ಇವರು ‘ಡಿಸೈನ್ ರೆಸಿಪಿ’ ಎಂದು ಕರೆದುದನ್ನು ರಚನಾಪ್ರಕ್ರಿಯೆ ಎನ್ನಬಹುದು. ಅದಕ್ಕೆ ಆರು ಮೆಟ್ಟಿಲುಗಳು: ದತ್ತಾಂಶದ ಲಕ್ಷಣವನ್ನು ಹೇಳುವುದು, ಕ್ರಮವಿಧಿಯು ಏನನ್ನು ಪಡೆದು ಏನನ್ನು ಕೊಡುವುದೆಂಬ ಉದ್ದೇಶವನ್ನು ಒಂದು ವಾಕ್ಯದಲ್ಲಿ ಬರೆಯುವುದು, ಉದಾಹರಣೆಗಳನ್ನು ಕೈಯಿಂದ ಲೆಕ್ಕಹಾಕುವುದು, ದತ್ತಾಂಶದ ಲಕ್ಷಣಕ್ಕೆ ಅನುಸಾರವಾಗಿ ಚೌಕಟ್ಟನ್ನು ನಿಲ್ಲಿಸುವುದು, ಚೌಕಟ್ಟನ್ನು ತುಂಬುವುದು, ಉದಾಹರಣೆಗಳಿಂದ ಪರೀಕ್ಷಿಸುವುದು.

ಇದರ ಬಲವು ಒಂದು ಸಣ್ಣ ದೃಷ್ಟಾಂತದಿಂದ ತಿಳಿದೀತು. ಗ್ರಂಥಾಲಯದ ಪುಸ್ತಕವನ್ನು ೧೪ ದಿನ ಇಟ್ಟುಕೊಳ್ಳಬಹುದು, ಮೀರಿದ ಪ್ರತಿಯೊಂದು ದಿನಕ್ಕೆ ೨ ರೂಪಾಯಿ ದಂಡ ಎಂದಿರಲಿ. ಆತುರದ ವಿದ್ಯಾರ್ಥಿಯು ನೇರವಾಗಿ ಬರೆಯತೊಡಗುತ್ತಾನೆ. ಪ್ರಕ್ರಿಯೆಯನ್ನು ಅನುಸರಿಸುವವನು ಮೊದಲು ಬರೆದುಕೊಳ್ಳುತ್ತಾನೆ: ೧೦ ದಿನಕ್ಕೆ ದಂಡವಿಲ್ಲ, ೧೪ಕ್ಕೂ ಇಲ್ಲ, ೧೫ಕ್ಕೆ ೨, ೨೦ಕ್ಕೆ ೧೨ ರೂಪಾಯಿ. ೧೪, ೧೫ ಎಂಬ ಗಡಿಯನ್ನು ಬರೆಯುವಾಗಲೇ ಅವನಿಗೆ ಸಂದೇಹ ಹುಟ್ಟುತ್ತದೆ: ಪುಸ್ತಕ ತೆಗೆದುಕೊಂಡ ದಿನವೂ ಎಣಿಕೆಗೆ ಸೇರುವುದೇ? ಕೊನೆಯ ದಿನ ಗ್ರಂಥಾಲಯಕ್ಕೆ ರಜೆಯಾದರೆ? ಉತ್ತರವು ಯಂತ್ರದಲ್ಲಿಯೂ ಇಲ್ಲ, ಭಾಷೆಯಲ್ಲಿಯೂ ಇಲ್ಲ. ಕೆಲಸವನ್ನು ಒಪ್ಪಿಸಿದ ಗ್ರಂಥಪಾಲಕನಲ್ಲಿದೆ. ಅವನನ್ನು ಹೋಗಿ ಕೇಳಬೇಕು. ವೃತ್ತಿಯಲ್ಲಿ ಕಾಣುವ ದೋಷಗಳಲ್ಲಿ ಅನೇಕವು ಭಾಷೆ ತಿಳಿಯದುದರಿಂದಲ್ಲ, ಈ ಪ್ರಶ್ನೆಯನ್ನು ಕೇಳದುದರಿಂದ ಹುಟ್ಟತಕ್ಕವು. ಕೇಳುವ ಅಭ್ಯಾಸವನ್ನು ಮೂರನೆಯ ಮೆಟ್ಟಿಲಿನಲ್ಲಿಯೇ ಹಾಕಿಕೊಡುವ ಗ್ರಂಥವು, ಯಾವ ಉದ್ಯೋಗದ ಹೆಸರನ್ನೂ ಎತ್ತದೆಯೇ, ಉದ್ಯೋಗಕ್ಕೆ ಸಿದ್ಧಪಡಿಸುತ್ತದೆ.

ಹಾಗೆಂದು ಇದು ನಿರ್ದುಷ್ಟವಲ್ಲ. ಕೌಮುದಿಯನ್ನು ಓದಿದವನಿಗೆ ಪಾಣಿನಿಯ ಸೂತ್ರಕ್ರಮದ ಸೊಗಸು ಮರೆಯಾಗುತ್ತದೆಂಬ ಆಕ್ಷೇಪವು ಇಲ್ಲಿಗೂ ಸಲ್ಲುತ್ತದೆ. ಅದೇ ಮೆಟ್ಟಿಲುಗಳು ಮತ್ತೆ ಮತ್ತೆ ಬರುವುದರಿಂದ ಚುರುಕಾದ ವಿದ್ಯಾರ್ಥಿಗೆ ಬೇಸರವಾದೀತು. ಯಂತ್ರದ ಅಂತರಂಗದವರೆಗೆ ಇಳಿಯುವುದು ಈ ಗ್ರಂಥದ ಉದ್ದೇಶವಲ್ಲ. ಮೊದಲ ಗ್ರಂಥದ ಕೊನೆಯ ಎರಡು ಅಧ್ಯಾಯಗಳಲ್ಲಿ ದೊರೆಯುವ ವಿಸ್ಮಯ, ತಾನು ಬರೆಯುತ್ತಿರುವ ಭಾಷೆಯನ್ನು ತಾನೇ ಕಟ್ಟಬಲ್ಲೆನೆಂಬ ಧೈರ್ಯ, ಇಲ್ಲಿ ಅಷ್ಟಾಗಿ ಒದಗದು. ಒಟ್ಟಿನಲ್ಲಿ, ಮೊದಲ ಗ್ರಂಥವು ಅಧಿಕಾರಿಯನ್ನು ಹುಡುಕುತ್ತದೆ. ಎರಡನೆಯದು ಅಧಿಕಾರಿಯನ್ನು ತಯಾರಿಸುತ್ತದೆ.

೫

ಇನ್ನು ಉಪಕರಣಪಕ್ಷದ ಪ್ರಬಲವಾದ ಸಾಕ್ಷ್ಯವನ್ನು ಪರಿಶೀಲಿಸಬೇಕು. ಮೆಸಾಚುಸೆಟ್ಸ್ ವಿದ್ಯಾಲಯವೇ ೨೦೦೮ರ ಸುಮಾರಿಗೆ ಮೊದಲ ಗ್ರಂಥದ ತರಗತಿಯನ್ನು ಕೈಬಿಟ್ಟು, ಪೈಥಾನ್ ಭಾಷೆಯನ್ನೂ ಚಲಿಸುವ ರೋಬಾಟುಗಳನ್ನೂ ಬಳಸುವ ಬೇರೊಂದು ತರಗತಿಯನ್ನು ತಂದಿತು. ೧೯೮೦ರ ವೇಳೆಗೆ ಎಂಜಿನಿಯರನು ಪೂರ್ಣವಾಗಿ ತಿಳಿದ ಸಣ್ಣ ಭಾಗಗಳನ್ನು ಕೂಡಿಸಿ ದೊಡ್ಡದನ್ನು ಕಟ್ಟುತ್ತಿದ್ದನು. ಈಗ ಇತರರು ಬರೆದ, ಒಳಗೇನಿದೆಯೆಂದು ತಿಳಿಯದ ಭಾಗಗಳನ್ನು ತಟ್ಟಿ ನೋಡಿ, ಅವುಗಳ ಸ್ವಭಾವವನ್ನು ಪ್ರಯೋಗದಿಂದ ಕಂಡುಕೊಂಡು ಕೆಲಸ ನಡೆಸಬೇಕಾಗಿದೆ ಎಂಬ ಅರ್ಥದ ಸಮಾಧಾನವನ್ನು ಸಸ್‌ಮನ್ ಅವರು ಕೊಟ್ಟರೆಂದು ಕೇಳಿದವರು ವರದಿಮಾಡಿದ್ದಾರೆ.

ಈ ಮಾತು ಸತ್ಯವೇ. ಆದರೆ ಇದರಿಂದ ಉಪಕರಣಪಕ್ಷವು ಸಿದ್ಧವಾಗುವುದಿಲ್ಲ. ಅಪರಿಚಿತವಾದ ಭಾಗವನ್ನು ತಟ್ಟಿ ನೋಡುವವನು ಏನನ್ನು ನಿರೀಕ್ಷಿಸಿ ತಟ್ಟುತ್ತಾನೆ? ಏನು ಕೊಟ್ಟರೆ ಏನು ಬರಬೇಕೆಂಬುದನ್ನು ಮೊದಲೇ ಬರೆದಿಟ್ಟುಕೊಂಡವನಿಗೆ ಮಾತ್ರ ಬಂದುದು ಸರಿಯೇ ತಪ್ಪೇ ಎಂಬುದು ತಿಳಿದೀತು. ಅದು ಎರಡನೆಯ ಗ್ರಂಥದ ಮೂರನೆಯ ಮೆಟ್ಟಿಲು. ಕೆಟ್ಟಾಗ ಕೆಟ್ಟಿತೇಕೆ ಎಂದು ವಿಚಾರಿಸುವುದಕ್ಕೆ ಒಳಗೆ ಏನಿರಬಹುದೆಂಬ ಕಲ್ಪನೆ ಬೇಕು. ಅದು ಮೊದಲ ಗ್ರಂಥದ ಕೊಡುಗೆ. ಈಗ ಮನುಷ್ಯನು ಕೇಳಿದೊಡನೆ ಕ್ರಮವಿಧಿಯನ್ನು ತಾನೇ ಬರೆದುಕೊಡುವ ಯಂತ್ರಗಳೂ ಬಂದಿವೆ. ಬರೆಯುವ ಶ್ರಮ ಕಡಮೆಯಾದಷ್ಟೂ, ಬರೆದುದನ್ನು ಓದಿ ಅದರ ಸಾಧುತ್ವವನ್ನು ನಿರ್ಣಯಿಸುವ ಹೊಣೆ ಹೆಚ್ಚುತ್ತದೆ. ಆ ಹೊಣೆಯನ್ನು ಹೊರುವವನಿಗೆ ಒಂದು ಭಾಷೆಯ ಪದಗಳ ಪರಿಚಯ ಮಾತ್ರ ಸಾಲದು.

ಕರ್ನಾಟಕದ ಅನುಭವವೂ ಇದನ್ನೇ ಸಮರ್ಥಿಸುತ್ತದೆ. ಇನ್ಫೋಸಿಸ್ ಸಂಸ್ಥೆಯು ಹೊಸದಾಗಿ ಸೇರಿದ ಪದವೀಧರರಿಗೆ ಮೈಸೂರಿನ ತನ್ನ ಆವರಣದಲ್ಲಿ ತಿಂಗಳುಗಟ್ಟಲೆ ಶಿಕ್ಷಣ ಕೊಡುತ್ತ ಬಂದಿದೆ. ಕಾಲೇಜು ಉಪಕರಣಗಳನ್ನು ಕಲಿಸಲಿಲ್ಲವೆಂಬುದಕ್ಕೆ ಇದನ್ನು ಪ್ರಮಾಣವಾಗಿ ಹೇಳುವವರುಂಟು. ಇದರ ತಾತ್ಪರ್ಯವು ಬೇರೆ. ಉಪಕರಣಗಳನ್ನು ಕೆಲಸ ಕೊಡುವವರೇ ಕೆಲವು ತಿಂಗಳಲ್ಲಿ ಕಲಿಸಬಲ್ಲರು, ಬದಲಾದಾಗ ಮತ್ತೆ ಕಲಿಸಬಲ್ಲರು. ಪ್ರಶ್ನೆಯನ್ನು ಒಡೆದು ನೋಡುವ, ಗಡಿಯನ್ನು ಗುರುತಿಸುವ, ಪರರ ಬರಹವನ್ನು ತಾಳ್ಮೆಯಿಂದ ಓದುವ ಅಭ್ಯಾಸವು ತಿಂಗಳುಗಳಲ್ಲಿ ಬರತಕ್ಕದ್ದಲ್ಲ. ಅದಕ್ಕೆ ನಾಲ್ಕು ವರ್ಷಗಳ ಅವಕಾಶವಿರುವುದು ಕಾಲೇಜಿನಲ್ಲಿ ಮಾತ್ರ. ಆ ನಾಲ್ಕು ವರ್ಷಗಳನ್ನೂ ತಿಂಗಳುಗಳ ಕೆಲಸಕ್ಕೆ ವ್ಯಯಮಾಡಿದರೆ ನಷ್ಟವಾಗುವುದು ಸಾಲ ಮಾಡಿ ಓದಿಸಿದ ಮನೆಯವರಿಗೇ.

ಆದುದರಿಂದ ಶಾಸ್ತ್ರವೋ ಉಪಕರಣವೋ ಎಂಬ ವಿಕಲ್ಪವೇ ಅಸಾಧು. ಡೈಕ್‌ಸ್ಟ್ರಾ ಅವರ ಪಕ್ಷವು ಪ್ರಯೋಗವನ್ನು ತೊರೆಯಿತು. ಉಪಕರಣಪಕ್ಷವು ಸೂತ್ರವನ್ನು ತೊರೆಯಿತು. ಎರಡಕ್ಕೂ ನಡುವೆ ಇರಬೇಕಾದ ಪ್ರಕ್ರಿಯೆಯನ್ನು ಎರಡೂ ಅಲಕ್ಷಿಸಿದುವು. ಪಾಠಕ್ರಮವನ್ನು ಗೊತ್ತುಮಾಡುವವರು ಮೊದಲ ವರ್ಷದಲ್ಲಿ ಎರಡನೆಯ ಗ್ರಂಥದ ಮಾರ್ಗವನ್ನೂ, ಅದು ಕೈಗೆ ಹತ್ತಿದ ಮೇಲೆ ಮೊದಲ ಗ್ರಂಥದ ಗಾಂಭೀರ್ಯವನ್ನೂ ಇಡುವುದು ಲೇಸು. ಪರೀಕ್ಷೆಯಲ್ಲಿ ಸಿದ್ಧಪ್ರಶ್ನೆಗಳಿಗೆ ಬದಲಾಗಿ, ಹಿಂದಿನ ವರ್ಷದವರು ಬರೆದ ಒಂದು ಕ್ರಮವಿಧಿಯನ್ನು ಕೊಟ್ಟು, ಅದನ್ನು ಓದಿ, ದೋಷವನ್ನು ತೋರಿಸಿ, ಹೊಸದೊಂದು ನಿಯಮಕ್ಕೆ ಹೊಂದುವಂತೆ ತಿದ್ದಿಕೊಡೆಂದು ಕೇಳಬಹುದು. ಉದ್ಯೋಗದ ಮೊದಲ ದಿನ ಅವನ ಮುಂದೆ ಬರುವುದೂ ಬಹುಮಟ್ಟಿಗೆ ಅಂತಹ ಕೆಲಸವೇ.