ಕತ್ತಿಯ ಮೈಮೇಲಿನ ಬಳ್ಳಿ

ವಿನೆಗರ್, ಉಪ್ಪು, ಒಂಬತ್ತು ವೋಲ್ಟಿನ ಬ್ಯಾಟರಿ, ಒಂದಿಷ್ಟು ಹತ್ತಿ, ಒಂದು ಬಾಟಲಿ ನೇಲ್ ಪಾಲಿಶ್. ಇಷ್ಟಿದ್ದರೆ ಅಡುಗೆಮನೆಯಲ್ಲಿ ಕೂತೇ ಉಕ್ಕಿನ ಅಲಗಿನ ಮೇಲೆ ಬಳ್ಳಿ, ನವಿಲು, ಹೆಸರು ಏನು ಬೇಕಾದರೂ ಮೂಡಿಸಬಹುದೆಂಬ ಮಾತು ಈಗ ಕರಕುಶಲದ ಆಸಕ್ತರ ನಡುವೆ ಚಾಲ್ತಿಯಲ್ಲಿದೆ. ಮೂಡಿಸಬಹುದು ಎಂಬುದರಲ್ಲಿ ತಕರಾರಿಲ್ಲ. ಅಲಗನ್ನು ಬ್ಯಾಟರಿಯ ಧನ ತುದಿಗೆ, ಉಪ್ಪು ಬೆರೆಸಿದ ವಿನೆಗರಿನಲ್ಲಿ ನೆನೆದ ಹತ್ತಿ ಸುತ್ತಿದ ತಂತಿಯನ್ನು ಋಣ ತುದಿಗೆ ಸೇರಿಸಿ ಒತ್ತಿದರೆ ಬಣ್ಣದ ಮುಚ್ಚಿಗೆ ಇಲ್ಲದ ಕಡೆಯಲ್ಲೆಲ್ಲ ಕಬ್ಬಿಣ ಕರಗುತ್ತದೆ. ನನ್ನ ತಕರಾರು ಹೊಗಳಿಕೆಯ ಬಗ್ಗೆ. ಇದು ಸುಲಭ, ಸುರಕ್ಷಿತ, ಜತೆಗೆ ನಮ್ಮ ಪರಂಪರೆಯ ಮರುಹುಟ್ಟು ಎಂದೆಲ್ಲ ಹೇಳುತ್ತಿದ್ದಾರೆ. ಪುತ್ತೂರು, ಸುಳ್ಯ, ಕಡಬದ ಕಡೆ ದಿನವೂ ಕೆಲಸ ಮಾಡುವ ಕತ್ತಿಯನ್ನು ಮುಂದಿಟ್ಟುಕೊಂಡು ನೋಡಿದರೆ ಈ ಚಿತ್ತಾರದ ಎಚಿಂಗ್ ಅಷ್ಟು ಹೊಗಳಿಕೆಗೆ ತಕ್ಕದ್ದಲ್ಲ. ಅದೇ ವಿನೆಗರಿಗೆ ಇನ್ನೊಂದು ಉಪಯೋಗವಿದೆ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಮೊದಲು ಗೆರೆಯನ್ನೇ ನೋಡೋಣ. ಉಳಿಯಿಂದ ಕೆತ್ತಿದ ಗೆರೆ ಕೈ ಹೋದತ್ತ ಹೋಗುತ್ತದೆ. ಆಮ್ಲ ತೆಗೆದ ಗೆರೆಗೆ ದಿಕ್ಕಿಲ್ಲ. ಅದು ಎಷ್ಟು ಕೆಳಗಿಳಿಯುತ್ತದೋ ಹೆಚ್ಚುಕಡಿಮೆ ಅಷ್ಟೇ ಪಕ್ಕಕ್ಕೂ ತಿನ್ನುತ್ತದೆ, ಮುಚ್ಚಿಗೆಯ ಅಡಿಗೂ ನುಗ್ಗುತ್ತದೆ. ಒಂದು ಮಿಲಿಮೀಟರ್ ಅಗಲದ ಗೆರೆಯನ್ನು 0.2 ಮಿ.ಮೀ. ಆಳಕ್ಕೆ ಇಳಿಸಿದರೆ ಮೇಲ್ಭಾಗದ ಅಗಲ 1.4 ಮಿ.ಮೀ. ಆಗುತ್ತದೆ. ಎಲೆಯ ತುದಿ ಮೊಂಡಾಗುತ್ತದೆ, ಬಳ್ಳಿಯ ಸುಳಿ ತುಂಬಿಕೊಳ್ಳುತ್ತದೆ. ಕನ್ನಡ ಅಕ್ಷರಕ್ಕಂತೂ ಇದು ದೊಡ್ಡ ಶಿಕ್ಷೆ. ರೋಮನ್ ಲಿಪಿಯ ನೇರ ಗೆರೆಗಳು ಸ್ವಲ್ಪ ದಪ್ಪಗಾದರೂ ಓದಿಸಿಕೊಳ್ಳುತ್ತವೆ. ನಮ್ಮ ಲಿಪಿಯ ಜೀವ ಇರುವುದೇ ಸುತ್ತಿನೊಳಗಿನ ಖಾಲಿಯಲ್ಲಿ. ಠ, ಥಗಳ ಹೊಟ್ಟೆಯೊಳಗಿನ ಚುಕ್ಕಿ ಹಿಗ್ಗಿ ಸುತ್ತಿನ ಗೆರೆಗೆ ಅಂಟಿ ಕರಿಮುದ್ದೆಯಾಗುತ್ತದೆ. ಒತ್ತಕ್ಷರ ಮೇಲಿನ ಅಕ್ಷರದ ಬುಡಕ್ಕೆ ಕೂಡಿಕೊಳ್ಳುತ್ತದೆ. ಹೊಗಳುವವರು ತೋರಿಸುವ ಮಾದರಿಗಳಲ್ಲಿ ದೊಡ್ಡ ಹೂವು, ದಪ್ಪ ಅಕ್ಷರಗಳೇ ತುಂಬಿರುವುದಕ್ಕೆ ಇದೇ ಕಾರಣ. ತಂತ್ರ ಬೇಡವೆಂದದ್ದನ್ನು ಕಲಾವಿದ ಕೈಬಿಟ್ಟಿದ್ದಾನೆ, ನಾವು ಅದನ್ನು ಶೈಲಿ ಎಂದು ಕರೆಯುತ್ತಿದ್ದೇವೆ. ಜೇನುಮೇಣದ ಮುಚ್ಚಿಗೆ ನೇಲ್ ಪಾಲಿಶ್‌ಗಿಂತ ಚೆನ್ನಾಗಿ ಉಕ್ಕಿಗೆ ಕಚ್ಚುತ್ತದಲ್ಲ ಎನ್ನಬಹುದು. ಇರಬಹುದು. ಅದರಿಂದ ಅಂಚು ಹರಿಯುವುದು ತಪ್ಪುತ್ತದೆಯೇ ಹೊರತು ಪಕ್ಕಕ್ಕೆ ತಿನ್ನುವುದು ತಪ್ಪುವುದಿಲ್ಲ. ಆಳ ಕಡಿಮೆ ಇಟ್ಟರೆ ಗೆರೆ ಸಣ್ಣಗೆ ಉಳಿಯುತ್ತದೆ ನಿಜ. ಆಗ ನಾಲ್ಕು ಸಲ ಮಸೆದು ಉಜ್ಜುವಷ್ಟರಲ್ಲಿ ಅದೂ ಮಾಸುತ್ತದೆ.

ಸುರಕ್ಷಿತ ಎಂಬ ಮಾತಿನ ಬುಡದಲ್ಲಿ ಒಂದು ಪಟ್ಟಣದ ಅಡುಗೆಮನೆ ಇದೆ. ಮನೆಯಲ್ಲಿರುವ ವಸ್ತು ಎಂದರೆ ಅಲ್ಲಿ ಲಿಂಬೆ, ವಿನೆಗರ್, ಸೋಡಾಪುಡಿ. ಪುತ್ತೂರಿನ ಅಡಿಕೆ ಬೆಳೆಗಾರರ ಮನೆಯಲ್ಲಿ ಅವುಗಳ ಜತೆ ಮೈಲುತುತ್ತಿನ ಚೀಲವೂ ಇರುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ ಬೆರೆಸಿ ಕೊಳೆರೋಗಕ್ಕೆ ಬಿಡುವುದು ಇಲ್ಲಿ ಮಳೆಗಾಲದ ಮಾಮೂಲಿ ಕೆಲಸ. ಸುಳ್ಯ, ಕಡಬದ ರಬ್ಬರ್ ಮನೆಗಳಲ್ಲಿ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್ ಕ್ಯಾನ್ ಇರುತ್ತದೆ. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ ಇರುತ್ತದೆ. ತುತ್ತು, ಉಪ್ಪಿನ ದ್ರಾವಣ ಉಕ್ಕನ್ನು ವಿನೆಗರಿಗಿಂತ ಬೇಗ ತಿನ್ನುವುದು ನಿಜ. ಕಬ್ಬಿಣ ಕರಗಿ ಅದರ ಜಾಗದಲ್ಲಿ ಕೆಂಪು ತಾಮ್ರ ಕೂರುವುದನ್ನು ನೋಡಲೂ ಚೆಂದ. ಆದರೆ ತುತ್ತು ಹೊಟ್ಟೆಗೆ ಹೋದರೆ ವಿಷ, ಆ ನೀರು ತೋಡಿಗೆ ಸೇರಿದರೆ ಮೀನಿಗೆ ಮಾರಕ. ಫಾರ್ಮಿಕ್ ಆಸಿಡ್ ಚರ್ಮ ಸುಡುತ್ತದೆ. ಬ್ಲೀಚಿಂಗ್ ಪುಡಿಯನ್ನು ವಿನೆಗರಿಗೆ ಬೆರೆಸಿದರೆ ಕ್ಲೋರಿನ್ ಏಳುತ್ತದೆ. ಸ್ಟೇನ್‌ಲೆಸ್ ಚಾಕುವಿಗೆ ಉಪ್ಪುನೀರು, ಬ್ಯಾಟರಿ ಹಿಡಿದರೆ ಕಬ್ಬಿಣದ ಜತೆ ಕ್ರೋಮಿಯಂ ಕೂಡ ನೀರಿಗಿಳಿಯುತ್ತದೆ. ಆ ಕೊಳೆನೀರನ್ನು ಸಿಂಕಿಗೆ ಸುರಿಯುವಂತಿಲ್ಲ. ಮನೆಯಲ್ಲಿದೆ ಎಂಬುದೇ ಅಭಯ ಎಂದು ಬರೆಯುವವರು ಯಾರ ಮನೆ ಎಂದೂ ಒಮ್ಮೆ ಕೇಳಿಕೊಳ್ಳಬೇಕಿತ್ತು. ಉಪ್ಪಿಗೆ ಇನ್ನೊಂದು ದೋಷವಿದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಲ್ಲಿ ಗೆರೆಯ ಮೂಲೆಯಲ್ಲಿ ಉಳಿದ ಚೂರು ಉಪ್ಪು ಗಾಳಿಯ ತೇವ ಹೀರಿ ಆಟಿ ತಿಂಗಳು ಮುಗಿಯುವಷ್ಟರಲ್ಲಿ ನವಿಲಿಗೆ ತುಕ್ಕಿನ ಗರಿ ಹಚ್ಚಿರುತ್ತದೆ. ಸೋಡಾನೀರಲ್ಲಿ ತೊಳೆದು, ಕುದಿನೀರಲ್ಲಿ ಅದ್ದಿ, ಎಣ್ಣೆ ಸವರಿದರೆ ತಡೆಯಬಹುದು. ಸುಲಭ ಎಂದು ಹೇಳುವಾಗ ಈ ಅರ್ಧ ಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪರಂಪರೆಯ ಮಾತಿಗೆ ಬಂದರೆ ನನಗೆ ತಾಳ್ಮೆ ಕಡಿಮೆ. ವಿನೆಗರ್ ಚಿತ್ತಾರಕ್ಕೆ ಗೌರವ ತರಲು ಕೆಲವು ವಿಮರ್ಶಕರು ಮೈಸೂರು ಸೀಮೆಯ ಮೂಸೆಯುಕ್ಕನ್ನು ಎಳೆದು ತರುತ್ತಾರೆ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಆ ಕುಲುಮೆಗಳನ್ನು ನೋಡಿ ಬರೆದದ್ದು, ಮುಂದೆ ಮೈಕೆಲ್ ಫ್ಯಾರಡೆ ಆ ಉಕ್ಕಿನ ಗುಟ್ಟು ಹುಡುಕಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಆ ಕತ್ತಿಗಳ ಮೈಮೇಲಿನ ಅಲೆಗಳೂ ಆಮ್ಲದಿಂದಲೇ ಕಾಣಿಸಿಕೊಂಡವು, ಹಾಗಾಗಿ ಇದೂ ಅದೂ ಒಂದೇ ಎಂಬುದು ಅವರ ವಾದ. ಒಂದೇ ಅಲ್ಲ, ತದ್ವಿರುದ್ಧ. ಮೂಸೆಯುಕ್ಕಿನಲ್ಲಿ ಇಂಗಾಲ ಶೇಕಡಾ ಒಂದೂವರೆಯ ಆಸುಪಾಸು. ಅದು ನಿಧಾನ ತಣಿದು ಬಡಿಸಿಕೊಳ್ಳುವಾಗ ಗಟ್ಟಿ ಕಾರ್ಬೈಡ್ ಪಟ್ಟಿ ಪಟ್ಟಿಯಾಗಿ ಕೂರುತ್ತದೆ. ಆಮ್ಲ ಸುತ್ತಲಿನ ಮೆದು ಭಾಗವನ್ನು ತಿಂದು ಆ ಪಟ್ಟಿಗಳನ್ನು ಬೆಳ್ಳಗೆ ಉಳಿಸುತ್ತದೆ. ಅಲೆ ಉಕ್ಕಿನೊಳಗೆ ಮೊದಲೇ ಇತ್ತು, ಆಮ್ಲ ತೆರೆ ಸರಿಸಿತು. ಇಲ್ಲಿನ ಕುಲುಮೆಗಳಲ್ಲಿ ಕತ್ತಿಯಾಗುವ ಲಾರಿಯ ಸ್ಪ್ರಿಂಗ್ ಪ್ಲೇಟಿನಲ್ಲಿ ಇಂಗಾಲ ಅದರ ಅರ್ಧವೂ ಇಲ್ಲ. ಅದರ ಮೇಲೆ ಸ್ಟೆನ್ಸಿಲ್ ಇಟ್ಟು ಅಲೆ ಬರೆಯುವುದು ಪರಂಪರೆಯಾಗುವುದಿಲ್ಲ, ಬರೀ ವೇಷವಾಗುತ್ತದೆ. ಮುಚ್ಚಿಗೆ ಹಾಕಿ ಬರೆಯುವ ಎಚಿಂಗ್‌ನ ವಂಶಾವಳಿ ಬೇಕಿದ್ದರೆ ಔಗ್ಸ್‌ಬರ್ಗ್‌ಗೆ ಹೋಗಿ ಹುಡುಕಲಿ. ಅಲ್ಲಿ ಸುಮಾರು 1500ರಲ್ಲಿ ಡೇನಿಯಲ್ ಹಾಪ್ಫರ್ ಉಕ್ಕಿನ ಕವಚಗಳಿಗೆ ಹೀಗೆ ಚಿತ್ತಾರ ತೆಗೆಯುತ್ತಿದ್ದ, ಅದೇ ವಿದ್ಯೆಯಿಂದ ಕಬ್ಬಿಣದ ಫಲಕದಲ್ಲಿ ಚಿತ್ರ ಮುದ್ರಿಸಿದ. ಒಳ್ಳೆಯ ವಂಶವೇ, ನಮ್ಮದಲ್ಲ ಅಷ್ಟೆ. ನಮ್ಮದು ನೋಡಬೇಕಿದ್ದರೆ ಪಕ್ಕದಲ್ಲೇ ಕೊಡಗಿನ ಪೀಚೆಕತ್ತಿ ಇದೆ. ಅಮರ ಸುಳ್ಯ 1834ರವರೆಗೆ ಕೊಡಗಿನ ಅರಸರ ಸೀಮೆಯೇ ಆಗಿತ್ತು. ಆ ಕತ್ತಿಯ ಬೆಳ್ಳಿ, ಕುಸುರಿ ಎಲ್ಲ ಹಿಡಿಗೆ ಮತ್ತು ಒರೆಗೆ. ಕತ್ತರಿಸುವ ಭಾಗದ ಮೇಲೆ ಕತ್ತರಿಸಲು ನೆರವಾಗದ್ದನ್ನು ಹೇರಬಾರದೆಂಬ ಒಂದು ಸೌಂದರ್ಯದೃಷ್ಟಿ ಅದರಲ್ಲಿ ಸ್ಪಷ್ಟವಾಗಿದೆ. ಅದನ್ನು ಬಡತನವೆಂದು ಓದುವವರಿಗೆ ಏನು ಹೇಳುವುದು?

ಹಾಗೆಂದು ಇನ್ನೊಂದು ಪಕ್ಷದವರ ಜತೆಗೂ ನಾನಿಲ್ಲ. ಆಚಾರಿಯ ಸುತ್ತಿಗೆಯ ಗುರುತೊಂದೇ ಶುದ್ಧ, ಆಮ್ಲ ಮುಟ್ಟಿಸಿದರೆ ಕತ್ತಿ ಕೆಟ್ಟಿತು ಎನ್ನುವವರು ಕತ್ತಿಯ ದಿನಚರಿಯನ್ನೇ ಮರೆತಿದ್ದಾರೆ. ಬಾಳೆದಿಂಡು, ಹಸಿ ಮಾವು, ಬಿಂಬುಳಿ ಕೊಯ್ದ ಮೆಟ್ಟುಕತ್ತಿ ಕಪ್ಪಾಗುವುದು ಆಮ್ಲದಿಂದ, ಚೊಗರಿನಿಂದ. ಅಡುಗೆಮನೆ ದಿನವೂ ಎಚಿಂಗ್ ಮಾಡುತ್ತಲೇ ಇದೆ.

ಯಾರೂ ಹೊಗಳದ ಉಪಯೋಗ ಇಲ್ಲಿಂದಲೇ ಹುಟ್ಟುತ್ತದೆ. ಕಾದ ಕತ್ತಿಯ ಬಾಯಿಯನ್ನಷ್ಟೇ ಅದ್ದಿ ಹದ ಹಿಡಿಸಿದಾಗ ಬಾಯಿ ಗಟ್ಟಿಯಾಗುತ್ತದೆ, ಬೆನ್ನು ಮೆದುವಾಗಿ ಉಳಿಯುತ್ತದೆ. ಹೊಳಪು ಕೊಟ್ಟ ಕತ್ತಿಯಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಅಲಗನ್ನು ನಯವಾದ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಜಿಡ್ಡು ತೊಳೆದು, ಉಪ್ಪು ಬೆರೆಸದ ಬೆಚ್ಚಗಿನ ವಿನೆಗರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು ತೆಗೆದರೆ ಎರಡು ಬಗೆಯ ಬೂದು ಕಾಣುತ್ತದೆ, ನಡುವೆ ಬಾಯಿಯ ಉದ್ದಕ್ಕೂ ಓಡುವ ಒಂದು ಗಡಿ. ಅದು ನೇರವಿರುವುದಿಲ್ಲ. ಅಲಗು ದಪ್ಪಗಿರುವಲ್ಲಿ, ನೀರಿಗಿಳಿಸಿದ ಕೈ ತುಸು ವಾಲಿದಲ್ಲಿ ಏರಿಳಿಯುತ್ತದೆ. ಇದರಲ್ಲಿ ಕಲೆ ಎಲ್ಲಿದೆ, ಬರೀ ಕಲೆಗಟ್ಟಿದ ಉಕ್ಕಲ್ಲವೇ ಎಂಬ ಆಕ್ಷೇಪ ಬರುತ್ತದೆ. ಕಲೆ ಆಚಾರಿಯದು, ಆತ ಬೆಂಕಿಯಲ್ಲಿ ಮಾಡಿದ ಒಂದು ಕ್ಷಣದ ತೀರ್ಮಾನ ಆ ಗಡಿಯಲ್ಲಿ ಕೂತಿದೆ, ಕೊಳ್ಳುವವನು ಅದನ್ನು ಓದಬಹುದು. ಗಡಿ ತುದಿಯ ಬಳಿ ಬಾಯಿಗೇ ಇಳಿದಿದ್ದರೆ ಅಲ್ಲಿ ಹದ ತಪ್ಪಿದೆ ಎಂದರ್ಥ. ವರ್ಷವರ್ಷ ಮಸೆದಂತೆ ಬಾಯಿ ಸವೆದು ಗಡಿಯತ್ತ ಹತ್ತುತ್ತದೆ. ಬಾಯಿ ಗಡಿಗೆ ತಾಗಿದ ಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ, ಕತ್ತಿಯನ್ನು ಮತ್ತೆ ಕಾಯಿಸಿ, ತಟ್ಟಿ, ಹದ ಹಿಡಿಸಬೇಕು. ಆ ಬೆಂಕಿಯಲ್ಲಿ ಬಳ್ಳಿ, ನವಿಲುಗಳ ಜತೆ ಹಳೆಯ ಗಡಿಯೂ ಅಳಿಸುತ್ತದೆ. ಬಳ್ಳಿ ಬೇಕಾದವರು ಮತ್ತೆ ಸ್ಟೆನ್ಸಿಲ್ ಹುಡುಕಬೇಕು. ಹೊಸ ಗಡಿಯನ್ನು ಮಾತ್ರ ಕುಲುಮೆಯೇ ಹಾಕಿ ಕೊಟ್ಟಿರುತ್ತದೆ, ನೋಡಲು ಇನ್ನೊಂದು ಬಟ್ಟಲು ವಿನೆಗರ್ ಸಾಕು.