ಘಟ್ಟ ಇಳಿಯುವ ಲಾರಿಗೆ ಎಂಥ ಬ್ರೇಕ್ ಸಾಮಾನು?

ಪಂಜಾಬಿನ ಸಂಗ್ರೂರಿನಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 52 ಮುಗಿಯುವುದು ಅಂಕೋಲೆಯಲ್ಲಿ, ಕರಾವಳಿಯ 66ನೇ ಹೆದ್ದಾರಿಯನ್ನು ಸೇರಿ. ಹಳಬರ ಬಾಯಲ್ಲಿ ಅದು ಈಗಲೂ 63ನೇ ಹೆದ್ದಾರಿಯೇ. ಹುಬ್ಬಳ್ಳಿಯಿಂದ ಯಲ್ಲಾಪುರದ ತನಕ ಸಲೀಸಾಗಿ ಬಂದ ಲಾರಿ ಇಡಗುಂದಿ ದಾಟಿ ಅರಬೈಲ್ ಘಟ್ಟದ ತಿರುವುಗಳಿಗೆ ಬೀಳುತ್ತದೆ. ಗುಳ್ಳಾಪುರ, ರಾಮನಗುಳಿ, ಸುಂಕಸಾಳ ಬರುವಷ್ಟರಲ್ಲಿ ಅದರ ಬ್ರೇಕಿನ ಯೋಗ್ಯತೆ ಏನೆಂದು ಗೊತ್ತಾಗಿರುತ್ತದೆ. ಕಾರವಾರ, ಅಂಕೋಲೆಯಲ್ಲಿ ಲಾರಿ ಇಟ್ಟವರು ಬ್ರೇಕ್ ಸಾಮಾನು ಕೊಳ್ಳುವಾಗ ಈ ಘಟ್ಟವೇ ಅಳತೆಗೋಲಾಗಬೇಕಿತ್ತು. ಆಗಿಲ್ಲ ಎಂಬುದು ನನ್ನ ತಕರಾರು.

ಅಂಗಡಿಯಲ್ಲಿ ಮೊದಲು ಬರುವ ಪ್ರಶ್ನೆ, 'ಒರಿಜಿನಲ್ ಬೇಕಾ, ಲೋಕಲ್ ಸಾಕಾ?' ಅದರ ಬೆನ್ನಿಗೇ, 'ಎಷ್ಟು ತಿಂಗಳು ಬರುತ್ತದೆ?' ಕೇಳಬೇಕಾದ ಪ್ರಶ್ನೆಗಳೇ ಇವು. ಹೆಸರಾಂತ ಕಂಪನಿಯ ಡಬ್ಬಿಯನ್ನೇ ಹೋಲುವ ಡಬ್ಬಿಯಲ್ಲಿ ನಕಲಿ ಮಾಲು ಬರುವುದು ಸುಳ್ಳಲ್ಲ. ಹೊಲೊಗ್ರಾಂ ನೋಡಿ, ಭಾಗದ ನಂಬರು ತಾಳೆ ಹಾಕಿ, ಬಿಲ್ ಪಡೆದೇ ಕೊಳ್ಳಬೇಕು. ಹಾಗೆಂದು ಲಾರಿ ಕಂಪನಿಯ ಮುದ್ರೆ ಇರುವ ಡಬ್ಬಿ ಮಾತ್ರ ಒರಿಜಿನಲ್ ಎಂದೂ ತಿಳಿಯಬೇಕಾಗಿಲ್ಲ. ರಾಣೆ, ಬ್ರೇಕ್ಸ್ ಇಂಡಿಯಾ, ಸುಂದರಂ ಮುಂತಾದ ತಯಾರಕರು ತಮ್ಮದೇ ಹೆಸರಿನಲ್ಲೂ ಮಾರುಕಟ್ಟೆಗೆ ಸಾಮಾನು ಕೊಡುತ್ತಾರೆ. ಸರಿಯಾದ ನಂಬರಿನದು ಸಿಕ್ಕರೆ ಅದನ್ನು ಕಡಿಮೆ ದರ್ಜೆಯದೆಂದು ದೂರ ಇಡಲು ಕಾರಣವಿಲ್ಲ. ಚರ್ಚೆ ಮಾತ್ರ ಈ ಎರಡು ಪ್ರಶ್ನೆಗೇ ನಿಂತುಬಿಡುತ್ತದೆ. ಅಸಲಿ ಸಾಮಾನನ್ನೇ ಅಡ್ಡಾದಿಡ್ಡಿ ಜೋಡಿಸಿದ ಗಾಡಿಯೂ ಘಟ್ಟದಲ್ಲಿ ಕೈಕೊಡುತ್ತದೆ. ಅದನ್ನು ಕೌಂಟರಿನ ಮುಂದೆ ಯಾರೂ ಮಾತಾಡುವುದಿಲ್ಲ.

ಘಟ್ಟದಲ್ಲಿ ಆಗುವುದೇನು ಎಂಬ ಲೆಕ್ಕ ಕಷ್ಟದ್ದಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಭಾರದ ಮಿತಿ ಏರಿಸಿದ ಮೇಲೆ ಹತ್ತು ಗಾಲಿಯ, ಮೂರು ಆ್ಯಕ್ಸಲ್ಲಿನ ಲಾರಿ ಒಟ್ಟು 28.5 ಟನ್ ತೂಗಬಹುದು. ಮೊದಲು ಇದ್ದದ್ದು 25 ಟನ್. ಅಷ್ಟು ಭಾರ 100 ಮೀಟರ್ ಎತ್ತರದಿಂದ ಕೆಳಗಿಳಿದರೆ ಸುಮಾರು 2.8 ಕೋಟಿ ಜೂಲ್ ಶಕ್ತಿ ಎಲ್ಲಾದರೂ ಹೋಗಿ ಸೇರಲೇಬೇಕು. 90 ಲೀಟರಿಗೂ ಹೆಚ್ಚು ನೀರನ್ನು ಒಲೆಯಿಲ್ಲದೆ ಕುದಿಸುವಷ್ಟು ಬಿಸಿ ಅದು. ಯಲ್ಲಾಪುರ ಇರುವುದು ಸಮುದ್ರಮಟ್ಟದಿಂದ 500 ಮೀಟರಿಗೂ ಮೇಲೆ, ಅಂಕೋಲೆ ಕಡಲ ಬದಿಗೆ. ಸಣ್ಣ ಗೇರಿನಲ್ಲಿ, ಎಗ್ಸಾಸ್ಟ್ ಬ್ರೇಕ್ ಹಾಕಿಕೊಂಡು ಇಳಿದರೆ ಈ ಶಕ್ತಿಯ ದೊಡ್ಡ ಪಾಲನ್ನು ಎಂಜಿನ್ ನುಂಗುತ್ತದೆ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಿದರೆ ಹೆಚ್ಚುಕಡಿಮೆ ಎಲ್ಲವೂ ಆರು ಡ್ರಮ್ಮುಗಳ ತಲೆಗೆ ಬರುತ್ತದೆ. ಹಾಗೆ ಇಳಿಸುವವರಿಗೆ ಯಾವ ಕಂಪನಿಯ ಸಾಮಾನೂ ರಕ್ಷಣೆ ಕೊಡಲಾರದು.

ಆದ್ದರಿಂದ ಲೈನರ್ ಆರಿಸುವಾಗ ಕೇಳಬೇಕಾದ್ದು ಅದು ತಣ್ಣಗಿರುವಾಗ ಎಷ್ಟು ಹಿಡಿಯುತ್ತದೆ ಎಂದಲ್ಲ, ಕಾದಾಗ ಎಷ್ಟು ಹಿಡಿಯುತ್ತದೆ ಎಂದು. ಅನೇಕ ಲೈನರುಗಳ ಅಂಚಿನಲ್ಲಿ ಇದಕ್ಕೆ ಉತ್ತರ ಅಚ್ಚಾಗಿಯೇ ಇರುತ್ತದೆ. ಸಂಕೇತದ ಕೊನೆಯಲ್ಲಿ ಎರಡು ಇಂಗ್ಲಿಷ್ ಅಕ್ಷರ: ಮೊದಲನೆಯದು ಸಾಮಾನ್ಯ ಬಿಸಿಯಲ್ಲಿನ ಘರ್ಷಣೆ, ಎರಡನೆಯದು ಹೆಚ್ಚು ಬಿಸಿಯಲ್ಲಿನದು. 'ಇ' ಎಂದರೆ ಘರ್ಷಣಾಂಕ 0.25ರಿಂದ 0.35, 'ಎಫ್' ಎಂದರೆ 0.35ರಿಂದ 0.45. 'ಎಫ್‌ಎಫ್' ಎಂದಿದ್ದರೆ ಕಾದ ಮೇಲೂ ಅದೇ ದರ್ಜೆಯಲ್ಲಿ ಉಳಿಯುತ್ತದೆ. 'ಎಫ್‌ಇ' ಎಂದಿದ್ದರೆ ಕಾದಾಗ ಕೆಳಗಿಳಿಯುತ್ತದೆ. ಇದೂ ಪ್ರಯೋಗಾಲಯದ ಸಣ್ಣ ತುಂಡಿನ ಮೇಲಿನ ಪರೀಕ್ಷೆ, ಇಡೀ ಲಾರಿಗೆ ಕೊಟ್ಟ ಗ್ಯಾರಂಟಿಯಲ್ಲ. ಆದರೂ ಅಂಗಡಿಯಲ್ಲಿ ನಿಂತು ಕಣ್ಣಾರೆ ಓದಬಹುದಾದ ಮಾಹಿತಿ ಇದು. ಜೊತೆಗೆ ಬ್ರೇಕ್ ಲೈನಿಂಗಿಗೆ ಐಎಸ್ 2742 ಎಂಬ ಭಾರತೀಯ ಮಾನಕವೇ ಇದೆ. ಅಂಚಿನಲ್ಲಿ ಏನೂ ಇಲ್ಲದ, ಡಬ್ಬಿಯ ಮೇಲೆ ತಯಾರಕರ ವಿಳಾಸವೂ ಇಲ್ಲದ ಲೈನರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬಾರದು.

'ಗಟ್ಟಿ ಲೈನರ್, ತುಂಬಾ ದಿನ ಬರುತ್ತದೆ' ಎಂಬ ಹೊಗಳಿಕೆಯನ್ನೂ ಅನುಮಾನದಿಂದಲೇ ಕೇಳಬೇಕು. ಬೇಗ ಸವೆಯದ ಲೈನರ್ ಕೆಲವೊಮ್ಮೆ ತಾನು ಉಳಿದು ಡ್ರಮ್ಮನ್ನು ತಿನ್ನುತ್ತದೆ. ಮೈ ಹೊಳಪಾಗಿ ಜಾರತೊಡಗಿದರೆ ಡ್ರೈವರ್ ಪೆಡಲನ್ನು ಇನ್ನಷ್ಟು ತುಳಿಯಬೇಕಾಗುತ್ತದೆ. ಲೈನರ್ ಇರುವುದೇ ಸವೆಯಲಿಕ್ಕೆ. ಅದರ ಬಾಳಿಕೆಯನ್ನೇ ಗುಣ ಎಂದು ಎಣಿಸುವ ರೂಢಿ ಮಾಲೀಕರ ಖರ್ಚಿನ ಪುಸ್ತಕದಿಂದ ಬಂದದ್ದು, ರಸ್ತೆಯಿಂದಲ್ಲ.

ಇದಕ್ಕಿಂತ ದೊಡ್ಡ ದೋಷ, ಒಂದೊಂದೇ ಗಾಲಿಯ ಲೆಕ್ಕದಲ್ಲಿ ಸಾಮಾನು ತರುವುದು. ಎಡಗಡೆ ಬ್ರೇಕಿನ ಗಾಳಿ ಚೇಂಬರ್ ಸೋರಿತು, ಎಡಗಡೆಗೆ ಒಂದು ತಂದು ಹಾಕಿದರು. ಬಲಗಡೆ ಲೈನರ್ ರಿವಿಟ್ಟಿನ ತನಕ ಸವೆಯಿತು, ಬಲಗಡೆಗೆ ಮಾತ್ರ ಹೊಸದು. ದುಡ್ಡು ಉಳಿಯಿತು ಅನ್ನಿಸುತ್ತದೆ. ಆದರೆ ಬ್ರೇಕ್ ಕೆಲಸ ಮಾಡುವುದು ಆ್ಯಕ್ಸಲ್ ಲೆಕ್ಕದಲ್ಲಿ. ಚೇಂಬರಿನ ಹೆಸರಲ್ಲಿ ಬರುವ 24, 30 ಎಂಬ ಅಂಕಿ ಒಳಗಿನ ಡಯಾಫ್ರಾಮಿನ ವಿಸ್ತೀರ್ಣ, ಚದರ ಇಂಚಿನಲ್ಲಿ. ಚದರ ಇಂಚಿಗೆ 100 ಪೌಂಡ್ ಗಾಳಿಯ ಒತ್ತಡ ಬಂದಾಗ 30ರ ಚೇಂಬರ್ 3,000 ಪೌಂಡ್ ಬಲದಿಂದ ತಳ್ಳಿದರೆ 24ರದ್ದು 2,400 ಪೌಂಡಿಗೇ ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಎರಡಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ, ಬೋಲ್ಟೂ ಕೂತುಬಿಡುತ್ತದೆ. 'ಕೂತಿತಲ್ಲ, ಸರಿಯಾಯಿತು' ಎಂಬ ಮಾತು ಹುಟ್ಟುವುದು ಇಲ್ಲಿಯೇ. ಒಂದೇ ಆ್ಯಕ್ಸಲ್ಲಿನ ಎಡಬಲದಲ್ಲಿ ಐದರಲ್ಲಿ ಒಂದು ಪಾಲು ಬಲದ ವ್ಯತ್ಯಾಸ ಇಟ್ಟುಕೊಂಡ ಲಾರಿ ಮಳೆಯಲ್ಲಿ ನೆನೆದ ತಿರುವಿನಲ್ಲಿ ಒಂದು ಬದಿಗೆ ಎಳೆಯದೆ ಇರದು. ಚೇಂಬರಿನ ದಂಡವನ್ನು ಕ್ಯಾಮಿಗೆ ಜೋಡಿಸುವ ಸ್ಲ್ಯಾಕ್ ಅಡ್ಜಸ್ಟರಿನ ತೋಳಿನ ಉದ್ದಕ್ಕೂ ಇದೇ ಮಾತು. ಒಂದು ಬದಿಗೆ ತಾನೇ ಬಿಗಿಯಾಗುವ ಆಟೋ ಸ್ಲ್ಯಾಕ್, ಇನ್ನೊಂದು ಬದಿಗೆ ಕೈಯಲ್ಲಿ ತಿರುಗಿಸುವ ಹಳೆಯದು ಎಂಬ ಜೋಡಣೆಯಂತೂ ಕೂಡದು.

ಡ್ರಮ್ಮಿನ ವಿಷಯದಲ್ಲಿ ಲೇತ್ ಕೆಲಸದವರ ಮೇಲೆ ವಿಪರೀತ ಭರವಸೆ. ಗೆರೆ ಬಿದ್ದ ಡ್ರಮ್ಮನ್ನು ತಿರುಗಿಸಿ ನುಣುಪು ಮಾಡುವುದು ತಪ್ಪಲ್ಲ. ಆದರೆ ಎಷ್ಟರ ತನಕ ಎಂಬುದನ್ನು ತಯಾರಕರು ಗೊತ್ತುಮಾಡಿರುತ್ತಾರೆ. ಆ ಮಿತಿ ದಾಟಿದರೆ ತೆಳುವಾದ ಗೋಡೆ ಬಿಸಿಯನ್ನು ತಾಳದು. ಸರಿಯಾಗಿರುವ ಡ್ರಮ್ಮು ಕೂಡ ಕಾದಾಗ ಹಿಗ್ಗುತ್ತದೆ: 410 ಮಿ.ಮೀ. ವ್ಯಾಸದ್ದು 250 ಡಿಗ್ರಿ ಹೆಚ್ಚು ಬಿಸಿಯಾದರೆ ಒಂದು ಮಿ.ಮೀ.ಗೂ ತುಸು ಹೆಚ್ಚೇ ಅಗಲವಾಗುತ್ತದೆ. ಆಗ ಲೈನರ್ ಹೊತ್ತ ಶೂ ಇನ್ನಷ್ಟು ದೂರ ಹೋಗಿ ಮುಟ್ಟಬೇಕು, ಚೇಂಬರಿನ ದಂಡ ಇನ್ನಷ್ಟು ಹೊರಬರಬೇಕು. ಘಟ್ಟದ ಮೇಲೆ ಚೆನ್ನಾಗಿ ಹಿಡಿದ ಬ್ರೇಕ್ ಕೆಳಗಿನ ತಿರುವಿನಲ್ಲಿ ಸಡಿಲಾಗುವುದಕ್ಕೆ ಇದೂ ಒಂದು ಕಾರಣ. ಅತಿಯಾಗಿ ತಿರುಗಿಸಿದ ಡ್ರಮ್ಮಿಗೆ ಮಾಮೂಲಿ ಅಳತೆಯ ಲೈನರ್ ಹಾಕಿದರೆ ಅದು ನಡುವೆ ಮಾತ್ರ ತಾಗುತ್ತದೆ.

ಈ ಸೀಮೆಗೇ ಮೀಸಲಾದ ಇನ್ನೊಂದು ವೈರಿ ಉಪ್ಪು. ಕಾರವಾರದ ಬೈತಖೋಲದ ಮೀನು ಬಂದರಿನಿಂದ ಹೊರಡುವ ಗಾಡಿಗಳಿಂದ ಮಂಜುಗಡ್ಡೆ ಕರಗಿದ ಉಪ್ಪುನೀರು ದಾರಿಯುದ್ದಕ್ಕೂ ಸುರಿಯುತ್ತದೆ, ಅವುಗಳ ಅಡಿಭಾಗ ಒಣಗುವುದೇ ಅಪರೂಪ. ಮೇಲೆ ಮಳೆಗಾಲ ಬೇರೆ. ಅಂಥ ಗಾಡಿಯ ಶೂ ಬಿಚ್ಚಿ ಅಂಚಿನಿಂದ ನೋಡಿ. ಕಬ್ಬಿಣದ ಶೂಗೂ ಲೈನರಿಗೂ ನಡುವೆ ತುಕ್ಕು ಪದರ ಪದರವಾಗಿ ಬೆಳೆದು, ರಿವಿಟ್ಟುಗಳ ನಡುವಿನ ಜಾಗದಲ್ಲಿ ಲೈನರನ್ನು ಮೇಲಕ್ಕೆತ್ತಿರುತ್ತದೆ. ಕೆಲವು ಕಡೆ ಕೂದಲೆಳೆಯ ಬಿರುಕು, ಕೆಲವು ಕಡೆ ತುಂಡೇ ಹಾರಿಹೋಗಿರುತ್ತದೆ. ಲೈನರಿನ ದಪ್ಪ ಮಾತ್ರ ಇನ್ನೂ ಅರ್ಧ ಉಳಿದಿರುತ್ತದೆ. ದಪ್ಪ ನೋಡಿ 'ಇನ್ನೂ ಓಡುತ್ತದೆ' ಎನ್ನುವ ಪದ್ಧತಿ ಘಟ್ಟದ ಮೇಲಿನ ಊರಿಗೆ ಒಪ್ಪಬಹುದು, ಕಾರವಾರಕ್ಕೆ ಒಪ್ಪುವುದಿಲ್ಲ. ತುಕ್ಕು ಹಿಡಿದ ಶೂವನ್ನು ಚೆನ್ನಾಗಿ ಉಜ್ಜದೆ, ಮಟ್ಟ ನೋಡದೆ, ಬಣ್ಣ ಬಳಿಯದೆ ಅದರ ಮೇಲೆಯೇ ಹೊಸ ಲೈನರ್ ಹೊಡೆಯುವುದು ದುಡ್ಡನ್ನು ಸಮುದ್ರಕ್ಕೆ ಹಾಕಿದ ಹಾಗೆ. ಗುಜರಿಯಿಂದ ಬಂದ ಸ್ಪ್ರಿಂಗ್ ಚೇಂಬರಂತೂ ಇಲ್ಲಿ ಸರ್ವಥಾ ಬೇಡ. ಒಳಗಿನ ಭಾರೀ ಸ್ಪ್ರಿಂಗ್ ತುಕ್ಕಿಗೆ ತುಂಡಾಗಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ, ಗೊತ್ತಿಲ್ಲದೆ ಬಿಚ್ಚಿದವರ ಜೀವಕ್ಕೇ ಅಪಾಯ.

ಹಳೆಯ ಸಾಮಾನನ್ನು ಹೀಗೆ ಓದುವ ವ್ಯವಧಾನವೇ ನಮ್ಮಲ್ಲಿ ಕಡಿಮೆ. ಒಂದು ತುದಿಯಲ್ಲಿ ಹೆಚ್ಚು ಸವೆದ ಲೈನರ್ ಕ್ಯಾಮಿನ ಬುಷ್ ಸಡಿಲಾಗಿದೆಯೇ ನೋಡು ಎನ್ನುತ್ತದೆ. ಗ್ರೀಸ್ ಮೆತ್ತಿಕೊಂಡದ್ದು ಹಬ್ಬಿನ ಸೀಲಿನ ಕಡೆ ಬೆರಳು ತೋರುತ್ತದೆ. ಡ್ರಮ್ಮಿನ ಮೇಲಿನ ನೀಲಿ ಕಲೆ ಆ ಗಾಲಿ ಪಾಲಿಗಿಂತ ಹೆಚ್ಚು ದುಡಿದಿದೆ ಎಂಬುದಕ್ಕೆ ಸಾಕ್ಷಿ. ಸೀಲ್ ಬದಲಿಸದೆ, ಎಣ್ಣೆ ಕುಡಿದ ಲೈನರಿಗೆ ಬೆಂಕಿ ತೋರಿಸಿ ಒಣಗಿಸಿ ಮತ್ತೆ ಹಾಕುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಏರ್ ಗನ್ನಿನಿಂದ ಡ್ರಮ್ಮಿನ ಧೂಳು ಊದುವುದನ್ನೂ ಒಪ್ಪಲಾರೆ. ಆ ಧೂಳಿನಲ್ಲಿ ಕಲ್ನಾರು ಇರಬಹುದು, ಕಲ್ನಾರು ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಖಚಿತಪಡಿಸಿದೆ. ಹೆಸರಿಲ್ಲದ ಲೈನರಿನಲ್ಲಿ ಏನಿದೆಯೋ ಹೇಳುವವರಿಲ್ಲ, ಆ ಧೂಳು ಹೋಗುವುದು ಗ್ಯಾರೇಜಿನ ಹುಡುಗರ ಎದೆಗೆ. 'ಕಲ್ನಾರು ರಹಿತ' ಎಂದು ಬರೆದಿರುವುದನ್ನೇ ಕೊಳ್ಳುವುದು ಅವರಿಗಾಗಿಯಾದರೂ ಆಗಬೇಕು.

ಈ ರೂಢಿಗಳು ಗಟ್ಟಿಯಾದದ್ದರಲ್ಲಿ ಕಬ್ಬಿಣದ ಅದಿರಿನ ವರ್ಷಗಳ ಪಾಲೂ ಇದೆ ಎಂದು ನಾನು ತಿಳಿದಿದ್ದೇನೆ. ಬಳ್ಳಾರಿ, ಹೊಸಪೇಟೆಯ ಕಡೆಯಿಂದ ಬೇಲೇಕೇರಿ, ಕಾರವಾರ ಬಂದರುಗಳಿಗೆ ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದ ಕಾಲ ಅದು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಮರುವರ್ಷ ಬಂದ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಲಾರಿಗಳ ಮಿತಿಮೀರಿದ ಭಾರವನ್ನೂ ದಾಖಲಿಸಿತು. ಟ್ರಿಪ್ಪಿನ ಮೇಲೆ ದುಡ್ಡು ನಿಂತಾಗ ಗಾಡಿ ಗ್ಯಾರೇಜಿನಲ್ಲಿ ಕಳೆಯುವ ಗಂಟೆಯೇ ನಷ್ಟ. ಹೋದದ್ದನ್ನು ಮಾತ್ರ ಬದಲಿಸು, ಸಿಕ್ಕಿದ್ದನ್ನು ಹಾಕು, ಸಂಜೆಗೆ ಹೊರಡಿಸು. ಅದಿರು ನಿಂತರೂ ಅಭ್ಯಾಸ ನಿಂತಿಲ್ಲ.

ಆರ್‌ಟಿಒ ತಪಾಸಣೆಯೊಂದರಿಂದಲೇ ಇದು ತಿದ್ದಿಕೊಳ್ಳುತ್ತದೆಂದು ಕಾಯುವಂತಿಲ್ಲ. ಎಂಟು ವರ್ಷ ದಾಟಿದ ಲಾರಿಗೆ ವರ್ಷಕ್ಕೊಮ್ಮೆ ಯೋಗ್ಯತಾ ತಪಾಸಣೆ, ಅಂದರೆ ಎಫ್‌ಸಿ ಆಗಬೇಕು ನಿಜ. ಆದರೆ ಅಲ್ಲಿ ಬ್ರೇಕ್ ನೋಡುವುದು ಸಮತಟ್ಟು ನೆಲದಲ್ಲಿ, ಡ್ರಮ್ಮು ತಣ್ಣಗಿರುವಾಗ. ಘಟ್ಟದ ಬಿಸಿಯಲ್ಲಿ ಬ್ರೇಕನ್ನು ಪರೀಕ್ಷಿಸುವುದು ಡ್ರೈವರ್ ಒಬ್ಬನೇ. ಸಾಮಾನು ಆರಿಸುವಾಗ ಅವನ ಮಾತನ್ನೇ ಕೇಳದಿರುವುದು ಈ ಇಡೀ ಪದ್ಧತಿಯ ಅನ್ಯಾಯ. ದುಡ್ಡು ಕೊಡುವವರು ಮಾಲೀಕರು, ಹೆಸರು ಹೇಳುವವರು ಮೆಕ್ಯಾನಿಕ್, ಇಳಿಯುವವನು ಮಾತ್ರ ಡ್ರೈವರ್. ಯಾವ ತಿರುವಿನಲ್ಲಿ ಪೆಡಲ್ ಒಳಗೆ ಹೋಯಿತು, ಯಾವ ಕಡೆಗೆ ಸ್ಟೀರಿಂಗ್ ಎಳೆಯಿತು, ಗುಳ್ಳಾಪುರದಲ್ಲಿ ಗಾಡಿ ನಿಲ್ಲಿಸಿ ಒಂದೊಂದು ಗಾಲಿಯ ಹತ್ತಿರ ಅಂಗೈ ಹಿಡಿದಾಗ ಯಾವುದು ಹೆಚ್ಚು ಸುಡುತ್ತಿತ್ತು, ಯಾವುದು ಬಿಸಿಯೇ ಆಗಿರಲಿಲ್ಲ ಎಂದು ಅವನನ್ನು ಕೂರಿಸಿಕೊಂಡು ಕೇಳಬೇಕು. ಬಿಸಿಯಾಗದ ಗಾಲಿ ಕೆಲಸವನ್ನೇ ಮಾಡಿಲ್ಲ, ಅದರ ಪಾಲನ್ನು ಬೇರೆ ಗಾಲಿಗಳು ಹೊತ್ತಿವೆ. ಮೊದಲು ಬಿಚ್ಚಬೇಕಾದ್ದು ಅದನ್ನು. ಬಿಚ್ಚಿ ನೋಡಿದ ಮೇಲೆ ಆ ಆ್ಯಕ್ಸಲ್ಲಿನ ಎರಡೂ ಬದಿಗೆ ಬೇಕಾದ್ದನ್ನು ನಂಬರು ಸಮೇತ ಚೀಟಿಯಲ್ಲಿ ಬರೆದು, ಅವನನ್ನೂ ಕರೆದುಕೊಂಡೇ ಅಂಗಡಿಗೆ ಹೋಗಲಿ.